ದೀಪವಿಲ್ಲದ ಮನೆ ಯಾವುದು ಹೇಳಿ

ಅಕ್ಟೋಬರ್ 30, 1997. ಗುರುವಾರ. ಸಂಜೆ 7

ಹಾಲಿನವನಿಗೆ ಇವತ್ತು ಹೇಳಿದೆ, ನಾಳೆಯಿಂದ ಅರ್ಧ ಲೀಟರ್ ಸಾಕು ಎಂದು. ಒಂದು ತಿಂಗಳಿಂದ ಒಂದು ಲೀಟರ್ ತೆಗೆದುಕೊಂಡು, ಅರ್ಧ ಹೆಪ್ಪು ಹಾಕಿ, ಆ ಮೊಸರು ಹುಳಿಯಾಗಿ, ಗಿಡಕ್ಕೆ ಸುರಿದು... ಒಬ್ಬಳಿಗೆ ಎಷ್ಟು ಮೊಸರು ಬೇಕು.

ಬೀದಿಯೆಲ್ಲ ದೀಪಾವಳಿ. ಎದುರು ಮನೆ ಜಯದೇವಪ್ಪನವರ ಕಾಂಪೌಂಡಿನ ಮೇಲೆ ಹಣತೆ ಸಾಲು. ಮೂಲೆ ಮನೆಯಲ್ಲಿ ಸೀರಿಯಲ್ ಸೆಟ್, ಕೆಂಪು ಹಸಿರು. ನಮ್ಮ ಗೇಟಿನಿಂದ ಈಚೆಗೆ ಕತ್ತಲು. ಸಾವಿನ ಮನೆ, ವರ್ಷ ತುಂಬುವವರೆಗೆ ಹಬ್ಬ ಇಲ್ಲ, ಸಿಹಿ ಇಲ್ಲ, ಸಾಲುದೀಪ ಇಲ್ಲ. ಇವರು ಹೋಗಿದ್ದು ಪಿತೃಪಕ್ಷದಲ್ಲಿ. "ಪುಣ್ಯವಂತ" ಎಂದು ಬಂದವರೆಲ್ಲ ಹೇಳಿದರು. ಪುಣ್ಯವಂತ ಇನ್ನೂ ಹತ್ತು ವರ್ಷ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು.

ಬೆಳಿಗ್ಗೆ ಮೈದುನ ಬಂದಿದ್ದ. ಹಣತೆ ಡಬ್ಬಿಯನ್ನು ತಾನೇ ಅಟ್ಟದ ಮೇಲೆ ಹಾಕಿದ. "ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ ಅತ್ತಿಗೆ" ಅಂದ. ಕೆಟ್ಟವನಲ್ಲ ಗುಂಡಣ್ಣ. ನಮಗೆ ಗಂಡುಮಕ್ಕಳಿಲ್ಲ, ಶರ್ವಾಣಿ ಒಬ್ಬಳೇ. ಅಣ್ಣನ ಕರ್ಮವೆಲ್ಲ ಅವನ ತಲೆಯ ಮೇಲೆ. ಬನಶಂಕರಿಯಿಂದ ಸ್ಕೂಟರಿನಲ್ಲಿ ಬಂದು, ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನಡುಗುತ್ತ ಕೂರುತ್ತಾನೆ. ಆದರೆ ಕರ್ಮದ ಜೊತೆಗೆ ನನ್ನನ್ನೂ ವಹಿಸಿಕೊಂಡಿದ್ದಾನೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ವಿಸಲ್ ಊದಿದರೆ ಇಡೀ ಸ್ಕೂಲು ಸಾಲಾಗಿ ನಿಲ್ಲುತ್ತಿತ್ತು. ಈಗ ಎಲ್ಲರೂ ನನಗೆ ವಿಸಲ್ ಊದುತ್ತಾರೆ.

ನವೆಂಬರ್ 26

ಎರಡನೇ ಮಾಸಿಕ ಆಯಿತು. ತಿಂಗಳಿಗೊಮ್ಮೆ, ಇವರು ಹೋದ ದ್ವಾದಶಿ ತಿಥಿಗೆ, ಇವರಿಗೆ ಊಟ. ಕಾಗೆ ಬೇಗ ಬಂತು. ಇವರೂ ಹಾಗೇ, ತಟ್ಟೆ ಹಾಕುವ ಮೊದಲೇ ಬಂದು ಕೂರುತ್ತಿದ್ದರು. ನಂಬಿಕೆ ಎಷ್ಟಿದೆ ಎಂದು ಕೇಳಿದರೆ ಹೇಳಲಾರೆ. ಇವರು ಹಸಿವು ತಡೆಯುವವರಲ್ಲ ಎಂಬುದು ಮಾತ್ರ ಗೊತ್ತು.

ಮಹಡಿ ಮೇಲಿನ ಸುಗುಣ ನೈಟ್ ಡ್ಯೂಟಿ ಮುಗಿಸಿ ಬಂದವಳು ಗೇಟಿನ ಹೊರಗೇ ನಿಂತಿದ್ದಳು, ಶಾಸ್ತ್ರಿಗಳು ಹೋಗುವವರೆಗೂ. ನರ್ಸಿಂಗ್ ಹೋಮಿನಲ್ಲಿ ಕೆಲಸ ಅವಳಿಗೆ. ಗಂಡ ಪ್ರಸನ್ನ ಕುಮಾರ್, ಫ್ಯಾಕ್ಟರಿಯಲ್ಲಿ. ತುಮಕೂರು ಕಡೆಯ ಕ್ರೈಸ್ತರು. ಎಂಟು ವರ್ಷದಿಂದ ನಮ್ಮ ಬಾಡಿಗೆಯವರು. ಇವರು ಹೋದಂದಿನಿಂದ ಮೇಲೆ ಟಿವಿ ಸದ್ದೇ ಇಲ್ಲ. "ನಿಂತ್ಯಾಕೆ, ಹೋಗು ಮಲಕ್ಕೋ" ಎಂದು ಗದರಿದೆ. ಕಾಲು ಊದಿತ್ತು ಹುಡುಗಿಗೆ.

ಡಿಸೆಂಬರ್ 7. ಭಾನುವಾರ

ಬಟ್ಟೆ ಒಣಹಾಕಲು ಮೇಲೆ ಹೋದಾಗ ಗಮನಿಸಿದೆ. ಬಾಲ್ಕನಿಯಲ್ಲಿ ನಕ್ಷತ್ರ ಇಲ್ಲ. ಡಿಸೆಂಬರ್ ಒಂದಕ್ಕೆಲ್ಲ ಕೆಂಪು ಪೇಪರಿನ ದೊಡ್ಡ ನಕ್ಷತ್ರ ತೂಗುಹಾಕುತ್ತಿದ್ದರು. ಒಳಗೆ ಬಲ್ಬು. ನಮ್ಮ ಮಲಗುವ ಕೋಣೆಯ ಕಿಟಕಿಗೂ ಅದರ ಕೆಂಪು ಬೀಳುತ್ತಿತ್ತು.

ಕೇಳಿದೆ. ಸುಗುಣ ಸೀರೆ ಹಿಂಡುತ್ತ ತಲೆ ಎತ್ತಲಿಲ್ಲ.

"ಅಂಕಲ್ ಹೋಗಿರೋ ವರ್ಷ ಆಂಟಿ. ಗುಂಡಣ್ಣ ಅಂಕಲ್ ಹೇಳಿದ್ರು, ಈ ಮನೇಲಿ ಹಬ್ಬ ಇಲ್ಲ ಅಂತ. ಕ್ಯಾರಲ್ಸ್‌ಗೂ ಈ ಸಲ ಇಲ್ಲಿಗೆ ಬರ್ಬೇಡಿ ಅಂತ ನಮ್ಮ ಸಭೇಲಿ ಹೇಳ್ಬಿಟ್ಟೆ."

"ನನ್ನ ಕೇಳಿದ್ಯಾ?"

"ನಿಮಗೆ ನೋವಾಗತ್ತೆ ಅಂತ..."

ಕೋಪ ಬಂತು. ಅವಳ ಮೇಲಲ್ಲ. ಒಳ್ಳೆಯದು ಮಾಡುತ್ತೇನೆಂದು ಹೊರಟವರ ಮೇಲೆ ಕೋಪ ಮಾಡಿಕೊಂಡರೂ ಎಲ್ಲಿ ಹಾಕುವುದು. ಕೆಳಗೆ ಬಂದು ಮೂರು ಸೇರು ಅಕ್ಕಿ ಆರಿಸಿದೆ, ಆಗಲೇ ಆರಿಸಿಟ್ಟ ಅಕ್ಕಿ.

ರಾತ್ರಿ

ಬರೆದಿಡುತ್ತೇನೆ. ಇನ್ನು ಯಾರಿಗೆ ಹೇಳಲಿ.

ಕ್ರಿಸ್‌ಮಸ್ಸಿಗೆ ಮೊದಲು ಅವರ ಗುಂಪು ಮನೆ ಮನೆಗೆ ಹೋಗಿ ಹಾಡುತ್ತದೆ. ಗಿಟಾರು, ಢೋಲಕ್, ಹತ್ತಿಯ ಗಡ್ಡದ ತಾತ. ಸುಗುಣಳ ಮನೆಗೆ ಬಂದವರು ನಮ್ಮ ಗೇಟಿನಲ್ಲೂ ನಿಲ್ಲುತ್ತಿದ್ದರು. ಇವರು ಮಫ್ಲರ್ ಸುತ್ತಿಕೊಂಡು, ಕುರ್ಚಿ ಬೇಡವೆಂದು, ಗೇಟು ಹಿಡಿದು ನಿಂತೇ ಕೇಳುತ್ತಿದ್ದರು. ಎಲ್ಲ ಹಾಡಲ್ಲ, ಒಂದೇ ಹಾಡು. ಮುಗಿದ ಕೂಡಲೇ "ಇನ್ನೊಂದು ಸಲ" ಎನ್ನುತ್ತಿದ್ದರು. ಪ್ರತಿ ವರ್ಷ. ಕೊನೆಕೊನೆಗೆ ಆ ಹುಡುಗರು ಮುಗಿಸಿ, ಇವರ ಬಾಯಿ ನೋಡುತ್ತ ನಿಲ್ಲುತ್ತಿದ್ದರು.

ನನಗೆ ಆ ಹಾಡು ಮೊದಲಿಂದ ಗೊತ್ತು. ನಾನು ಓದಿದ ಮಿಡ್ಲ್ ಸ್ಕೂಲು ಮಿಷನ್ನಿನವರದು. ಹಳೇ ಹಾಡು, ಕನ್ನಡದ್ದೇ. ಯಾರು ಕಟ್ಟಿದರೋ.

ದೀಪವಿಲ್ಲದ ಮನೆ ಯಾವುದು ಹೇಳಿ,
ಅಲ್ಲಿಗೇ ಬಂದಿದೆ ಕೂಸು.
ತೊಟ್ಟಿಲು ಕೇಳದು, ಚಿನ್ನವ ಕೇಳದು,
ಬಾಗಿಲ ಬಳಿ ಜಾಗ ಸಾಕು.

ಅದರ ಅರ್ಥದ ಮೇಲೆ ನಮ್ಮಿಬ್ಬರಿಗೂ ವರ್ಷಕ್ಕೊಂದು ಜಗಳ. ಇವರು, "ಜೋಗುಳ ಕಣೇ. ಕೂಸು, ತೊಟ್ಟಿಲು, ನಿದ್ದೆ. ಅಷ್ಟೇ." ನಾನು, "ಜೋಗುಳ ಅಲ್ಲ, ಸವಾಲು. ಎಲ್ಲಿ ಕತ್ತಲೆ ಇದೆ ತೋರ್ಸಿ, ಅಲ್ಲಿಗೇ ಹೋಗ್ತೀನಿ ಅನ್ನೋ ಹಾಡು." ಇವರು, "ನಿಂಗೆ ಜೋಗುಳದಲ್ಲೂ ಕಬಡ್ಡಿ ಕಾಣತ್ತೆ." ಈ ಜಗಳ ಸಂಕ್ರಾಂತಿವರೆಗೆ ಎಳೆಯುತ್ತಿತ್ತು.

ಈ ವರ್ಷ ನಮ್ಮದು ದೀಪವಿಲ್ಲದ ಮನೆ. ನಾನೇ ಗೆದ್ದೆ. ಹೇಳೋಣವೆಂದರೆ ಇವರಿಲ್ಲ.

ಡಿಸೆಂಬರ್ 10

ಸುಗುಣ ಕಲ್‌ಕಲ್ ಕರಿಯುತ್ತಿದ್ದಳು, ಕ್ರಿಸ್‌ಮಸ್ಸಿಗೆ ಅವರು ಮಾಡುವ ಸಣ್ಣ ಸಿಹಿ. ಫೋರ್ಕಿನ ಬೆನ್ನ ಮೇಲೆ ಹಿಟ್ಟು ಸುರುಳಿ ಸುತ್ತಬೇಕು. ನನ್ನ ಪಾಲಿನದಕ್ಕೆ ಮೊಟ್ಟೆ ಹಾಕದೆ ಬೇರೆ ಕಲಸುತ್ತಾಳೆ. ನಾನೂ ಕೂತು ಸುತ್ತಿದೆ. ಮಾತಿಗೆ ಮಾತು ಬಂದು ಅವಳ ಬಾಯಿಂದ ಜಾರಿತು.

"ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಉಲ್ಟಾ ಆಂಟಿ. ಆ ವರ್ಷ ಯಾರ ಮನೇಲಿ ಸಾವಾಗಿರತ್ತೋ, ಕ್ಯಾರಲ್ಸ್ ಮೊದ್ಲು ಆ ಮನೆಗೇ ಹೋಗೋದು."

ಕೈ ನಿಂತಿತು ನನ್ನದು.

ಬಿಡಿಸಿ ಬಿಡಿಸಿ ಕೇಳಿದೆ. ಅವರ ಸಣ್ಣ ಸಭೆಯಲ್ಲಿ ತಲೆಮಾರಿನಿಂದ ಬಂದ ಪದ್ಧತಿಯಂತೆ. ಸಾವಿನ ಮನೆಗೆ ಗಿಟಾರು ಒಯ್ಯುವುದಿಲ್ಲ. ಢೋಲಕ್ ಇಲ್ಲ, ಗಡ್ಡದ ತಾತ ಬೀದಿ ಕೊನೆಯಲ್ಲೇ ನಿಲ್ಲುತ್ತಾನೆ. ಮನೆಯ ಲೈಟೆಲ್ಲ ಆರಿಸಬೇಕು. ಕತ್ತಲಲ್ಲಿ ಬರೀ ಬಾಯಲ್ಲಿ ಅದೇ ಹಾಡು. ಎರಡು ಚರಣ ಹೇಳಿ ಸುಮ್ಮನಾಗುತ್ತಾರೆ. ತಮ್ಮವರನ್ನು ಕಳೆದುಕೊಂಡವರು ಯಾರೋ ಅವರೇ ಎದ್ದು ಹೊಸ್ತಿಲ ಮೇಲೆ ಒಂದು ಹಣತೆ ಹಚ್ಚಿಡಬೇಕು. ಹಚ್ಚಿದ ಮೇಲೇ ಮೂರನೆಯ ಚರಣ. ಹಚ್ಚುವವರೆಗೂ ನಿಂತೇ ಇರುತ್ತಾರೆ. ಒಂದು ಮನೆಯಲ್ಲಿ ಒಬ್ಬ ತಾಯಿ ಏಳಲೇ ಇಲ್ಲವಂತೆ, ಮುಕ್ಕಾಲು ಗಂಟೆ ನಿಂತರಂತೆ. ಆ ಹಣತೆ ಹೊಸ ವರ್ಷದವರೆಗೆ ಆರದ ಹಾಗೆ ನೋಡಿಕೊಳ್ಳಬೇಕು.

"ಈ ವರ್ಷ ನಿಮ್ಮ ಸಭೇಲಿ ಯಾರ ಮನೇಲಿ ಸಾವು?"

"ದೇವ್ರ ದಯೆ, ಯಾರೂ ಇಲ್ಲ ಆಂಟಿ."

"ಹಾಗಾದ್ರೆ ಇಲ್ಲಿಗೇ ಬರ್ಲಿ. ಮೊದ್ಲು."

ಫೋರ್ಕು ಎಣ್ಣೆಗೆ ಬಿತ್ತು ಅವಳದು.

ಡಿಸೆಂಬರ್ 12

ಗುಂಡಣ್ಣನಿಗೆ ನಾನೇ ಫೋನ್ ಮಾಡಿ ಹೇಳಿದೆ. ಕದ್ದು ಮಾಡುವ ಕೆಲಸವಲ್ಲ. ಸಂಜೆ ಸ್ಕೂಟರ್ ಬಂತು. ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದ.

"ಏನತ್ತಿಗೆ ಇದು. ದೀಪಾವಳಿ ಬಿಟ್ಟಿದೀವಿ. ಬರೋ ಯುಗಾದಿ ಬಿಡ್ತೀವಿ. ಅವರ ಹಬ್ಬ ಮಾಡ್ತೀರಾ?"

"ಹಬ್ಬ ಅಲ್ಲ ಗುಂಡಣ್ಣ. ಒಂದು ಹಾಡು."

"ಹಾಡು ಹಬ್ಬ ಅಲ್ವಾ? ಹೊಸ್ತಿಲಲ್ಲಿ ದೀಪ ಹಚ್ತಾರಂತೆ. ನೀವು ಹಚ್ತೀರಂತೆ."

ಆ 'ನೀವು' ಯಾಕೆ ಒತ್ತಿದ ಎಂದು ನನಗೆ ಗೊತ್ತಾಗದೇ ಇರುತ್ತದೆಯೇ. ಮುತ್ತೈದೆಯಲ್ಲ, ಹೊಸ್ತಿಲು ನನ್ನದಲ್ಲ. ಈ ಹೊಸ್ತಿಲನ್ನು ಮೂವತ್ತೆರಡು ವರ್ಷ ಸಾರಿಸಿದ್ದು ಯಾರು ಎಂದು ಕೇಳಬಹುದಿತ್ತು. ಬಿಟ್ಟೆ. ಕೂರು ಅಂದೆ. ಹಾಡಿನ ಎರಡನೆಯ ಚರಣ ಹೇಳಿದೆ, ಗದ್ಯದ ಹಾಗೆ, ರಾಗವಿಲ್ಲದೆ.

ಅರಮನೆಯಲ್ಲಿ ಸಾವಿರ ದೀಪ,
ಅಲ್ಲಿ ನಿದ್ದೆಯೇ ಇಲ್ಲ.
ಕೊಟ್ಟಿಗೆಯೊಳಗೆ ಹುಲ್ಲಿನ ಹಾಸಿಗೆ,
ಅಲ್ಲಿ ಅಂಜಿಕೆ ಇಲ್ಲ.

"ಇದ್ರಲ್ಲಿ ಹಬ್ಬ ಎಲ್ಲಿದೆ ತೋರ್ಸು. ಊರಲ್ಲಿ ಜಾಗ ಇಲ್ದೆ ತಾಯಿ ದನದ ಕೊಟ್ಟಿಗೇಲಿ ಹೆತ್ತಿದಾಳೆ. ರಾಜನ ಆಳುಗಳು ಕೂಸನ್ನ ಕೊಲ್ಲಕ್ಕೆ ಹುಡುಕ್ತಿದಾರೆ. ಅಷ್ಟಾದ್ರೂ ಅಂಜಿಕೆ ಇಲ್ಲ ಅಂತಾಳೆ. ನಂಗೆ ಬೇಕಾಗಿರೋದು ಅದು. ನಿನ್ನ ಮಂತ್ರದಲ್ಲಿ ನಿಮ್ಮಣ್ಣಂಗೆ ಊಟ ಇದೆ. ನಂಗೇನಿದೆ?"

ಅವನು ಹೆಲ್ಮೆಟ್ ತೆಗೆದು ಅದರ ಬೆಲ್ಟು ತಿರುಗಿಸಿದ. ಆಮೇಲೆ ಮೆಲ್ಲಗೆ ಹೇಳಿದ. ಅವನು ಕೂಗಿದ್ದರೆ ಪರವಾಗಿರಲಿಲ್ಲ.

"ಅಣ್ಣ ಹೋದ ವರ್ಷ ಈ ಮನೇಲಿ ಹಾಡು ಅಂದ್ರೆ ನನ್ನ ಕೈಲಿ ಕೇಳಕ್ಕಾಗಲ್ಲ ಅತ್ತಿಗೆ. ನೀವು ಹಾಡ್ಸಿದ್ರೆ ಇಪ್ಪತ್ತಾರಕ್ಕೆ ಮಾಸಿಕಕ್ಕೆ ನಾನು ಬರಲ್ಲ. ಈ ಮನೇಲಿ ಇನ್ನು ಯಾವ ಕರ್ಮಕ್ಕೂ ಬರಲ್ಲ."

ಹೋದ. ಕಾಫಿ ಹಾಗೇ ಇತ್ತು.

ಡಿಸೆಂಬರ್ 13

ಅವನು ಬರದಿದ್ದರೆ ಇವರಿಗೆ ಇಪ್ಪತ್ತಾರಕ್ಕೆ ಊಟ ಇಲ್ಲ. ಅಷ್ಟೇ ಲೆಕ್ಕ. ಬೇರೆ ಯಾರಿದ್ದಾರೆ ಮಾಡಲು. ದುಡ್ಡು ಕೊಟ್ಟರೆ ಮಠದಲ್ಲಿ ಯಾರೋ ಮಾಡುತ್ತಾರೆ. ಯಾರೋ ಮಾಡಿದ ಅಡುಗೆ ಇವರು ಉಣ್ಣುವವರೇ ಅಲ್ಲ. ಮದುವೆ ಮನೆಯಿಂದ ಬಂದರೂ ಮನೆಯಲ್ಲಿ ಒಂದು ತುತ್ತು ಮೊಸರನ್ನ ಬೇಕಾಗುತ್ತಿತ್ತು.

ಹೆದರಿಕೆ ಆಗಿದೆ. ಇಲ್ಲಿ ಮಾತ್ರ ಬರೆದಿದ್ದೇನೆ.

ಡಿಸೆಂಬರ್ 14. ಭಾನುವಾರ. ಮಧ್ಯಾಹ್ನ

ಚರ್ಚು ಮುಗಿಸಿ ಸುಗುಣ ಒಬ್ಬ ಹಿರಿಯರನ್ನು ಕರೆತಂದಳು. ಸಮಾಧಾನಪ್ಪನವರು. ಹಾಡಿನ ಗುಂಪಿನ ಮುಖ್ಯಸ್ಥರು. ಬಿಳಿ ಷರಟು, ಜೇಬಿನಲ್ಲಿ ಕನ್ನಡಕದ ಡಬ್ಬಿ. ಚಪ್ಪಲಿ ಗೇಟಿನಲ್ಲೇ ಬಿಟ್ಟು ಬಂದರು.

ಹಾಡಲು ಬರಲು ಒಪ್ಪಿರಲಿಲ್ಲ ಅವರು. ಅದನ್ನು ಹೇಳಲೆಂದೇ ಬಂದಿದ್ದರು.

"ನಮ್ಮವರ ಮನೇಗಳಿಗೆ ಇರೋ ಪದ್ಧತಿ ಮೇಡಂ ಇದು. ಹಿಂದೂಗಳ ಮನೇಲಿ ಯಾವತ್ತೂ ಮಾಡಿಲ್ಲ. ಕಾಲ ಸರಿಯಿಲ್ಲ. ನಾಳೆ ಯಾರಾದ್ರೂ, ಗಂಡ ಸತ್ತ ಹೆಂಗಸನ್ನ ಮತಕ್ಕೆ ಸೇರಿಸ್ಕೊಳಕ್ಕೆ ಬಂದ್ರು ಅಂದ್ರೆ?"

"ನಾನು ಸೇರ್ತೀನಿ ಅಂತ ನಿಮಗನ್ಸತ್ತಾ?"

ಮುಖ ನೋಡಿದರು. "ಅನ್ಸಲ್ಲ" ಅಂದರು. ಸುಗುಣ ನಗು ತಡೆದುಕೊಂಡಳು.

"ನಂಗೆ ಎರಡು ಹೊತ್ತು ಸಂಧ್ಯಾದೀಪ ಇದೆ, ರಾಯರ ಫೋಟೋ ಇದೆ, ಏಕಾದಶಿ ಇದೆ. ಅದ್ಯಾವುದನ್ನೂ ಬಿಡಲ್ಲ. ಈ ಹಾಡನ್ನೂ ಬಿಡಲ್ಲ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸಿ."

ಅವರು ನಕ್ಕರು. ಆಮೇಲೆ ಕೇಳಿದರು, ಈ ಹಾಡಿನಲ್ಲಿ ನಿಮಗೇನು ಕಂಡಿತು ಎಂದು. ಪರೀಕ್ಷೆಗಲ್ಲ, ನಿಜವಾಗಿ ಬೇಕಾಗಿ ಕೇಳಿದರು. ಇವರೊಡನೆ ಎಂಟು ವರ್ಷ ಜಗಳವಾಡಿದ್ದನ್ನು ಹೇಳಿದೆ. ಜೋಗುಳವೋ ಸವಾಲೋ ಎಂದು. ಮೂರನೆಯ ಚರಣಕ್ಕೆ ಬಂದೆವು.

ಹಚ್ಚಿರಿ ಎಂದು ಹೇಳಲಿಲ್ಲ ಕೂಸು,
ಹಚ್ಚುವ ಕೈಯನು ಹಿಡಿಯಿತು.
ಹೊಸ್ತಿಲವರೆಗೂ ಬಂದ ಕತ್ತಲೆ
ಹೊರಗೇ ನಿಂತು ಕಾಯಿತು.

"ನೋಡಿ" ಅಂದೆ. "ಕತ್ತಲೆ ಓಡಿಹೋಯ್ತು ಅಂತ ಎಲ್ಲೂ ಇಲ್ಲ. ಹೊರಗೇ ನಿಂತಿದೆ. ಕಾಯ್ತಿದೆ. ಎಲ್ಲ ದೀಪದ ಹಾಡಲ್ಲೂ ಕತ್ತಲೆ ಓಡತ್ತೆ, ಅದು ಸುಳ್ಳು. ನಂಗೆ ಗೊತ್ತು, ಎರಡೂವರೆ ತಿಂಗ್ಳಿಂದ ಅದರ ಜೊತೆಗೇ ಇದೀನಿ. ಈ ಹಾಡು ಮಾತ್ರ ಸುಳ್ಳು ಹೇಳಲ್ಲ."

"ನನ್ನ ಹೆಂಡ್ತಿ ತೀರ್ಕೊಂಡ ವರ್ಷ ನಂಗೆ ಮೂರನೇ ಚರಣಕ್ಕೆ ಸ್ವರ ಬರ್ಲಿಲ್ಲ ಮೇಡಂ" ಅಂದರು ಸಮಾಧಾನಪ್ಪ. "ಹಚ್ಚೋ ಕೈನ ಹಿಡಿಯಿತು ಅಂತಿದೆ ನೋಡಿ, ಅಲ್ಲಿ. ನಮ್ಮ ದೇವರು ಕತ್ತಲೆ ತೆಗೀತಾನೆ ಅಂತ ನಾನು ಹೇಳಲ್ಲ. ಕತ್ತಲಲ್ಲಿ ಬಂದು ಪಕ್ಕದಲ್ಲಿ ಕೂರ್ತಾನೆ. ಅಷ್ಟು ಹೇಳಬಲ್ಲೆ."

ಇವರು ಕೇಳಿದ್ದರೆ "ನೋಡು, ಪಕ್ಕದಲ್ಲಿ ಕೂತು ತಟ್ಟೋದು, ಜೋಗುಳಾನೇ ಆಯ್ತಲ್ಲ" ಅನ್ನುತ್ತಿದ್ದರು. ಹಾಳಾದ್ದು, ಸರಿಯಾಗಿಯೇ ಇರುತ್ತಿತ್ತು ಇವರ ಮಾತು.

ಇಪ್ಪತ್ತೊಂದಕ್ಕೆ ಬರುತ್ತಾರೆ. ಏಳು ಗಂಟೆಗೆ. ಮೊದಲ ಮನೆ.

ಡಿಸೆಂಬರ್ 17

ಶರ್ವಾಣಿ ಕುಮಾರಸ್ವಾಮಿ ಲೇಔಟಿನಿಂದ ಎರಡು ಬಸ್ ಬದಲಾಯಿಸಿ ಬಂದಳು. ಚಿಕ್ಕಪ್ಪ ಫೋನ್ ಮಾಡಿದ್ದನಂತೆ.

"ಅಮ್ಮ, ಕ್ಯಾಸೆಟ್ ಹಾಕ್ಕೊಂಡು ಒಬ್ಳೇ ಕೇಳಮ್ಮ. ಗಲಾಟೆ ಯಾಕೆ."

"ಅಪ್ಪ ಕ್ಯಾಸೆಟ್ ಕೇಳ್ತಿದ್ರಾ? ಗೇಟ್ ಹತ್ರ ನಿಂತ್ಕೋತಿದ್ರು."

"ಚಿಕ್ಕಪ್ಪ ಬರ್ದೇ ಇದ್ರೆ?"

ಹುಳಿ ಬಡಿಸಿದೆ. ಉಂಡು ತಟ್ಟೆ ತೊಳೆಯುವಾಗ, ನನಗೆ ಬೆನ್ನು ಮಾಡಿಕೊಂಡು ಹೇಳಿದಳು, "ಅಪ್ಪಂಗೆ ಆ ಹಾಡು ಇಷ್ಟ. ಅದು ನಿಜ." ನನ್ನ ಪರವೋ ಅಲ್ಲವೋ ತಿಳಿಯಲಿಲ್ಲ. ನಾನೂ ಕೇಳಲಿಲ್ಲ.

ಡಿಸೆಂಬರ್ 20

ಅಟ್ಟ ಹತ್ತಿದೆ. ಸ್ಟೂಲಿನ ಮೇಲೆ ಇನ್ನೊಂದು ಸ್ಟೂಲು. ಮಕ್ಕಳು ಹೀಗೆ ಮಾಡಿದ್ದರೆ ಬೆತ್ತ ತೆಗೆಯುತ್ತಿದ್ದೆ. ಹಣತೆ ಡಬ್ಬಿಯನ್ನು ಗುಂಡಣ್ಣ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಒಡೆಯದ ಹಾಗೆ ಇಟ್ಟಿದ್ದಾನೆ. ಬಿಸಾಡಬಹುದಿತ್ತು ಅವನು. ಮುಂದಿನ ವರ್ಷಕ್ಕೆ ಬೇಕೆಂದು ಜೋಪಾನ ಮಾಡಿದ್ದಾನೆ. ದಾರ ಬಿಚ್ಚಿದೆ.

ಒಂದೇ ಹಣತೆ ತೆಗೆದೆ. ಉಳಿದದ್ದನ್ನು ಅವನು ಕಟ್ಟಿದ ಹಾಗೇ ಕಟ್ಟಿ ಮೇಲಿಟ್ಟೆ.

ಡಿಸೆಂಬರ್ 21. ಭಾನುವಾರ. ರಾತ್ರಿ 9

ಬರೆಯದೆ ನಿದ್ದೆ ಬರುವುದಿಲ್ಲ.

ಏಳಕ್ಕೆ ಸರಿಯಾಗಿ ಬಂದರು. ಹದಿನೈದು ಇಪ್ಪತ್ತು ಜನ, ಸ್ವೆಟರು, ಶಾಲು. ಗಿಟಾರು ಇರಲಿಲ್ಲ. ಗಡ್ಡದ ತಾತ ಸರ್ಕಲ್ಲಿನ ಬಳಿ ಕಡ್ಲೆಕಾಯಿ ತಿನ್ನುತ್ತ ನಿಂತಿದ್ದ, ಕೆಂಪು ಟೋಪಿ ಇಲ್ಲಿಗೇ ಕಾಣುತ್ತಿತ್ತು. ಪ್ರಸನ್ನ ಕುಮಾರ್‌ಗೆ ಢೋಲಕ್ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಮೇನ್ ಸ್ವಿಚ್ ನಾನೇ ತೆಗೆದೆ. ಮನೆಯೆಲ್ಲ ಒಮ್ಮೆಗೆ ಕಪ್ಪಾಯಿತು. ಎದುರಿನಿಂದ ಜಯದೇವಪ್ಪನವರು ಕೂಗಿದರು.

"ಮೇಡಂ, ಕರೆಂಟ್ ಹೋಯ್ತಾ? ನಮ್ಮನೇಲಿ ಇದ್ಯಲ್ಲ."

"ಹೋಗ್ಲಿಲ್ಲ. ನಾನೇ ತೆಗ್ದೆ."

ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಅವರ ವರಾಂಡದ ಲೈಟೂ ಆರಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಹಾಡಿದರು. ತಾಳ ಇಲ್ಲ, ಶ್ರುತಿ ಇಲ್ಲ. ಸಮಾಧಾನಪ್ಪನವರ ಧ್ವನಿ ಮುಂದೆ, ಉಳಿದವರದು ಹಿಂದೆ. ಹಗಲಿನಲ್ಲಿ ಗೊತ್ತಿದ್ದ ಹಾಡೇ ಅದು ಅನಿಸಲಿಲ್ಲ. 'ಬಾಗಿಲ ಬಳಿ ಜಾಗ ಸಾಕು' ಅಂದಾಗ ಬಾಗಿಲ ಬಳಿ ನೋಡಿದೆ, ಇವರ ಚಪ್ಪಲಿ ಇಡುವ ಜಾಗ ಖಾಲಿ ಇತ್ತು. ಅಷ್ಟೇ ಜಾಗ. ಒಂದು ಕೂಸಿಗೆ ಸಾಕು.

ಎರಡು ಚರಣ ಮುಗಿಸಿ ನಿಂತರು.

ಎದ್ದೇಳಬೇಕು ನಾನು. ಹದಿನಾಲ್ಕು ದಿನ ಎಲ್ಲರ ಮೇಲೂ ಎಗರಾಡಿದವಳು, ಅಲ್ಲಿ ನೆಲ ಹಿಡಿದು ಕೂತುಬಿಟ್ಟೆ. ಆ ಏಳಲಾರದ ತಾಯಿಯ ನೆನಪಾಯಿತು. ಹಚ್ಚಿದರೆ ಇವರು ಹೋದದ್ದು ನಿಜವಾಗುತ್ತದೆ. ಮಂತ್ರ ಹೇಳಿದರೂ, ಕಾಗೆ ಬಂದರೂ ಆಗಿರದ ನಿಜ. ಅವರು ನಿಂತೇ ಇದ್ದರು. ಯಾರೂ ಕೆಮ್ಮಲಿಲ್ಲ, ಗಡಿಯಾರ ನೋಡಲಿಲ್ಲ, ಏಳಿ ಆಂಟಿ ಅನ್ನಲಿಲ್ಲ. ಹಚ್ಚಿರಿ ಎಂದು ಹೇಳಲಿಲ್ಲ ಕೂಸು. ಆಗ ಗೊತ್ತಾಯಿತು ಆ ಸಾಲು. ಯಾರೂ ವಿಸಲ್ ಊದದೆ ಇದ್ದದ್ದು ಮೂರು ತಿಂಗಳಲ್ಲಿ ಅದೇ ಮೊದಲು.

ಎದ್ದೆ. ಎರಡು ಕಡ್ಡಿ ಮುರಿಯಿತು. ಮೂರನೆಯದು ಹತ್ತಿತು.

ಮೂರನೆಯ ಚರಣ ಅವರು ಶುರು ಮಾಡಿದರು. ನಾನೂ ಹಾಡಿದೆ. ಗ್ರೌಂಡಿನ ಧ್ವನಿ ನನ್ನದು, ರಾಗಕ್ಕೂ ಅದಕ್ಕೂ ದೂರ. ಹಾಡಲಿ ಬಿಡು ಅನಿಸಿತು, ಬೀದಿಗೆಲ್ಲ ಕೇಳಲಿ. ಕೊನೆಯ ಸಾಲಿಗೆ ಗೇಟಿನಾಚೆ ನೋಡಿದೆ. ಕತ್ತಲೆ ಇತ್ತು. ಹೊರಗೇ ಇತ್ತು. ಇರಲಿ. ನಾನೂ ಇದ್ದೇನೆ.

ಮುಗಿಯಿತು. ಮುಗಿದ ಮೇಲೂ ಆ ಹುಡುಗರು ಹಾಗೇ ನಿಂತರು. ಗೇಟಿನ ಕಡೆ ನೋಡುತ್ತಿದ್ದರು, ಇವರು ನಿಲ್ಲುತ್ತಿದ್ದ ಜಾಗ. ಅಭ್ಯಾಸ.

"ಇನ್ನೊಂದು ಸಲ" ಅಂದೆ.

ಸಾವಿನ ಮನೆಯಲ್ಲಿ ಎರಡು ಸಲ ಹಾಡುವ ಪದ್ಧತಿ ಇಲ್ಲವಂತೆ. ಆಮೇಲೆ ಸುಗುಣ ಹೇಳಿದಳು. ಸಮಾಧಾನಪ್ಪ ಅದನ್ನು ಹೇಳಲಿಲ್ಲ. ಕನ್ನಡಕ ಒರೆಸಿಕೊಂಡು ಮೊದಲಿನಿಂದ ಶುರು ಮಾಡಿದರು.

ಡಿಸೆಂಬರ್ 23

ಗುಂಡಣ್ಣನ ಫೋನ್ ಇಲ್ಲ. ನಾನು ಮಾಡಿದರೆ ಅವನ ಹೆಂಡತಿ ಎತ್ತಿ "ಸ್ನಾನಕ್ಕೆ ಹೋಗಿದಾರೆ" ಅಂದಳು. ಮಧ್ಯಾಹ್ನ ಮೂರು ಗಂಟೆಗೆ ಎಂಥ ಸ್ನಾನ. ಶಾಸ್ತ್ರಿಗಳನ್ನು ಕೇಳಿದೆ. "ನಂಗೇನೂ ಹೇಳಿಲ್ಲಮ್ಮ ಅವರು" ಅಂದರು.

ಮಾಡಿದ್ದು ತಪ್ಪೇ ಎಂದು ಕೇಳಿಕೊಂಡೆ. ಇಲ್ಲ. ಇನ್ನೊಮ್ಮೆ ಕೇಳಿಕೊಂಡೆ. ಇಲ್ಲ. ಆದರೂ ಫೋನಿನ ಹತ್ತಿರವೇ ಕೂತೆ.

ಹಣತೆ ಉರಿಯುತ್ತಿದೆ. ಗಾಳಿಗೆ ಅಡ್ಡ ಇಟ್ಟಿಗೆ ಇಟ್ಟಿದ್ದೇನೆ.

ಡಿಸೆಂಬರ್ 25. ಗುರುವಾರ

ಏಕಾದಶಿ. ಉಪವಾಸ. ಸುಗುಣ ಕಲ್‌ಕಲ್ ತಂದು "ಅಯ್ಯೋ, ಇವತ್ತು ತಿನ್ನಲ್ವಲ್ಲ ನೀವು" ಅಂದಳು. ನಾಳೆ ತಿನ್ನುತ್ತೇನೆ ಎಂದು ಡಬ್ಬಿಗೆ ಹಾಕಿಟ್ಟೆ. ನಾಳೆಯೂ ಆಗದು, ಮಾಸಿಕ. ಅದು ನಡೆದರೆ ತಾನೇ.

ನಕ್ಷತ್ರ ಹಾಕು ಅಂದೆ. ಹಾಕಿದರು. ಈಗ ಕಿಟಕಿಯಲ್ಲಿ ಕೆಂಪು ಬೆಳಕು, ಇವರ ದಿಂಬಿನ ಮೇಲೆ.

ಎಳ್ಳು ತೊಳೆದು ಒಣಹಾಕಿದೆ. ಅಕ್ಕಿ, ಉದ್ದು, ಬಾಳೆಲೆ, ದರ್ಭೆ. ಯಾರೂ ಬರದಿದ್ದರೂ ಅಡುಗೆ ಮಾಡುತ್ತೇನೆ. ಗಂಡಸರ ಕೈ ಇಲ್ಲದಿದ್ದರೆ ತಲುಪುವುದಿಲ್ಲ ಎಂದರೆ, ನಾನೇ ಎಲೆ ಹಾಕಿ ಬಡಿಸಿ ಕರೆಯುತ್ತೇನೆ. ಮೂವತ್ತೆರಡು ವರ್ಷ ಕರೆದಾಗಲೆಲ್ಲ ಬಂದಿದ್ದಾರೆ.

ಡಿಸೆಂಬರ್ 26. ಶುಕ್ರವಾರ. ಮಧ್ಯಾಹ್ನ 2

ಎಂಟೂವರೆಗೆ ಸ್ಕೂಟರ್ ಸದ್ದು.

ನಾನು ಅಡುಗೆಮನೆಯಿಂದ ಈಚೆ ಬರಲಿಲ್ಲ. ಬಂದರೆ ಅಳುತ್ತೇನೆ ಎಂದು ಗೊತ್ತಿತ್ತು. ಅಲ್ಲಿಂದಲೇ ನೋಡಿದೆ, ಗುಂಡಣ್ಣ ಹೊಸ್ತಿಲ ಬಳಿ ನಿಂತ. ಹಣತೆ ನೋಡಿದ. ದಾಟಲಿಲ್ಲ. ಹಿತ್ತಲ ಕಡೆಯಿಂದ ಸುತ್ತಿ ಬಂದ. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು. ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು ಕೇಳಿದ, ಮೊದಲಿನ ಹಾಗೇ,

"ಎಳ್ಳು ತೊಳೆದಿದೀರಾ?"

"ಹೂಂ."

ಶಾಸ್ತ್ರಿಗಳು ಬಂದರು. ಎಲ್ಲ ಆಯಿತು. ಕಾಗೆ ಬಂತು. ಇವರ ಹೊಟ್ಟೆ ತುಂಬಿತು.

ಶಾಸ್ತ್ರಿಗಳು ಹೋದ ಮೇಲೆ ಇಬ್ಬರೇ. ಮಜ್ಜಿಗೆ ಕೊಟ್ಟೆ. ಲೋಟ ನೋಡುತ್ತ ಹೇಳಿದ.

"ನಾನು ಒಪ್ಪಿಲ್ಲ ಅತ್ತಿಗೆ. ಒಪ್ಪೋದೂ ಇಲ್ಲ."

"ಒಪ್ಪು ಅಂತ ನಾನೂ ಕೇಳ್ಲಿಲ್ಲ."

"ಅಣ್ಣಂಗೆ ಊಟ ತಪ್ಸಕ್ಕೆ ನನ್ನ ಕೈಲಾಗ್ಲಿಲ್ಲ. ಅಷ್ಟಕ್ಕೇ ಬಂದೆ."

"ನಂಗೂ ಅಷ್ಟೇ ಬೇಕಾಗಿತ್ತು."

ಕಣ್ಣು ಕೆಂಪಗಿತ್ತು ಅವನದು. ಹೊಗೆಯಿಂದ ಅಂದ. ಹೊಗೆ ಅಂದೆ ನಾನೂ. ಅಣ್ಣ ಹೋದಂದಿನಿಂದ ಇವನು ಅತ್ತದ್ದನ್ನು ನಾನು ನೋಡಿಲ್ಲ. ಎಲ್ಲರ ಮನೆಗೂ ಅವನೇ ಫೋನ್ ಮಾಡಿದ, ಅವನೇ ಸೌದೆ ತರಿಸಿದ, ಅವನೇ ಅಸ್ಥಿ ಬಿಟ್ಟು ಬಂದ. ಅವನ ಮನೆ ಬಾಗಿಲಿಗೆ ಯಾರೂ ಹೋಗಿ ನಿಂತಿಲ್ಲ.

ಹೆಲ್ಮೆಟ್ ಹಾಕಿಕೊಂಡ. ಈ ಸಲ ಮುಂಬಾಗಿಲಿನಿಂದಲೇ ಹೊರಟ. ಹೊಸ್ತಿಲ ಬಳಿ ಬಗ್ಗಿದ. ಆರಿಸುತ್ತಾನೆ ಅಂದುಕೊಂಡೆ, ಕೂಗಲು ಬಾಯಿ ತೆರೆದೆ. ಅವನು ಇಟ್ಟಿಗೆಯನ್ನು ಗಾಳಿ ಬರುವ ಕಡೆಗೆ ಒಂದು ಗೇಣು ಸರಿಸಿದ. ಮೇಲೆದ್ದು, ನನ್ನ ಕಡೆ ತಿರುಗದೆ ಹೇಳಿದ.

"ಎಣ್ಣೆ ತಳಕ್ಕೆ ಬಂದಿದೆ ಅತ್ತಿಗೆ. ನೋಡ್ಕೊಳಿ."

ಸ್ಕೂಟರ್ ಹೋಯಿತು. ಅದನ್ನೇ ಮೊದಲು ಬರೆದಿಡೋಣ ಎಂದು ಕೂತೆ. ಬುದ್ಧಿ ಎಲ್ಲಿದೆ ನನಗೆ, ಮೊದಲು ಎಣ್ಣೆ—